ಅದೇ ಮತ್ತು ಅಂಥದೇ

ನನ್ನ ಜೀವಮಾನದಲ್ಲಿ ಒಂದೇ ಒಂದು ಸಲ ನಾನು ನ್ಯಾಯಾಲಯದ ಕಟಕಟೆ ಹತ್ತಿದ್ದೇನೆ. ಓದುಗರು ಗಾಬರಿಯಾಗಬೇಕಿಲ್ಲ, ಹತ್ತಿದ್ದು ಸಾಕ್ಷಿಯಾಗಿ. ಆದರೆ ಉಜ್ಜಯಿನಿಯ ಒಂದು ನ್ಯಾಯಾಲಯಕ್ಕೆ ಮಾತ್ರ ವರ್ಷಕ್ಕೊಂದು ಸಲದಂತೆ ಮೂವತ್ತು ವರ್ಷ ತಪ್ಪದೆ ಹೋಗಿಬಂದಿದ್ದೇನೆ. ಶೂದ್ರಕನ ‘ಮೃಚ್ಛಕಟಿಕ’ ನಾಟಕದ ಒಂಬತ್ತನೆಯ ಅಂಕದಲ್ಲಿ ಆ ನ್ಯಾಯಾಲಯವಿದೆ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ನಾನು, ಹೆಂಚಿನ ಮೇಲೆ ಮಲೆನಾಡಿನ ಮಳೆ ಸುರಿಯುವ ಆಷಾಢದ ಮಧ್ಯಾಹ್ನಗಳಲ್ಲಿ ವ್ಯಾಕರಣವನ್ನು ಪಕ್ಕಕ್ಕಿಟ್ಟು ಮಕ್ಕಳಿಗೆ ಈ ಕಥೆ ಹೇಳುತ್ತಿದ್ದೆ. ಪಾಠ ಕೇಳಿಸದಷ್ಟು ಮಳೆ ಬಂದರೂ ಕಥೆ ಕೇಳಿಸುತ್ತದೆ ಎಂಬುದು ನನ್ನ ಅನುಭವ.

ನನ್ನ ಸಂಸ್ಕೃತ ಅಷ್ಟಕ್ಕಷ್ಟೆ. ಬನ್ನಂಜೆ ಗೋವಿಂದಾಚಾರ್ಯರು ‘ಆವೆಯ ಮಣ್ಣಿನ ಆಟದ ಬಂಡಿ’ ಎಂಬ ಮುದ್ದಾದ ಹೆಸರಿಟ್ಟು ಈ ನಾಟಕವನ್ನು ಕನ್ನಡಕ್ಕೆ ತಂದಿದ್ದಾರೆ. ಗಿರೀಶ ಕಾರ್ನಾಡರು ೧೯೮೪ರಲ್ಲಿ ಇದೇ ಕಥೆಯನ್ನು ಹಿಡಿದು ‘ಉತ್ಸವ್’ ಎಂಬ ಹಿಂದಿ ಚಿತ್ರ ಮಾಡಿದರು. ಜನ ನೆನಪಿಟ್ಟುಕೊಂಡಿರುವುದು ಚಾರುದತ್ತ–ವಸಂತಸೇನೆಯರ ಪ್ರೇಮವನ್ನು, ಶರ್ವಿಲಕನು ಗೋಡೆಗೆ ಕನ್ನ ಕೊರೆಯುವ ಸೊಗಸನ್ನು, ಮಳೆಯಲ್ಲಿ ನೆನೆದು ಬರುವ ನಾಯಿಕೆಯನ್ನು. ನನಗೆ ಮಾತ್ರ ಆ ನ್ಯಾಯಾಲಯದ ಹುಚ್ಚು. ಭಾಸನದೆಂದು ಹೇಳುವ ‘ಚಾರುದತ್ತ’ ನಾಟಕದಲ್ಲೂ ಇದೇ ಕಥೆಯ ಮೊದಲ ಭಾಗವಿದೆ; ಆದರೆ ಅದರಲ್ಲಿ ನಮಗೆ ದೊರೆತಿರುವುದು ನಾಲ್ಕೇ ಅಂಕ. ಕೊಲೆಯ ಆರೋಪವಾಗಲಿ ವಿಚಾರಣೆಯಾಗಲಿ ಅಲ್ಲಿಲ್ಲ. ಆ ವಿಚಾರಣೆ ಬೇಕೆಂದರೆ ಶೂದ್ರಕನ ಹತ್ತು ಅಂಕಗಳಿಗೇ ಬರಬೇಕು.

ಕಥೆ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಚಾರುದತ್ತ ದಾನ ಮಾಡಿ ಮಾಡಿ ಬಡವನಾದ ಬ್ರಾಹ್ಮಣ ವರ್ತಕ. ವಸಂತಸೇನೆ ಊರಿನ ಶ್ರೀಮಂತ ಗಣಿಕೆ. ಅವಳ ಮೇಲೆ ಕಣ್ಣಿಟ್ಟವನು ರಾಜನ ಭಾವಮೈದುನ ಶಕಾರ. ‘ಸ’ಕಾರವನ್ನೆಲ್ಲ ‘ಶ’ಕಾರ ಮಾಡಿ ಉಚ್ಚರಿಸುವ, ರಾಮಾಯಣ ಭಾರತಗಳನ್ನು ಒಂದೇ ಬೋಗುಣಿಯಲ್ಲಿ ಕಲಸುವ ಮೂರ್ಖ. ಒಂದು ದಿನ ಬಂಡಿಗಳು ಅದಲುಬದಲಾಗಿ ವಸಂತಸೇನೆ ಇವನ ತೋಟಕ್ಕೆ ಬಂದಿಳಿಯುತ್ತಾಳೆ. ಒಲಿಯದ ಅವಳ ಕತ್ತು ಹಿಸುಕಿ, ಸತ್ತಳೆಂದು ತಿಳಿದು, ತರಗೆಲೆ ಮುಚ್ಚಿ ನೇರವಾಗಿ ನ್ಯಾಯಾಲಯಕ್ಕೆ ಹೋಗಿ, ಒಡವೆಯ ಆಸೆಗೆ ಚಾರುದತ್ತನೇ ಅವಳನ್ನು ಕೊಂದನೆಂದು ಫಿರ್ಯಾದು ಕೊಡುತ್ತಾನೆ. ಅವಳು ಸತ್ತಿಲ್ಲ, ಒಬ್ಬ ಬೌದ್ಧ ಭಿಕ್ಷು ಅವಳನ್ನು ಉಳಿಸಿದ್ದಾನೆ ಎಂಬುದು ನೋಡುವ ನಮಗೆ ಗೊತ್ತು, ನ್ಯಾಯಾಲಯಕ್ಕೆ ಗೊತ್ತಿಲ್ಲ.

ನ್ಯಾಯಾಲಯವೇನೋ ಅಚ್ಚುಕಟ್ಟಾಗಿದೆ. ಶೋಧನಕನೆಂಬ ಸೇವಕ ಗುಡಿಸಿ ಆಸನಗಳನ್ನು ಹಾಕುತ್ತಾನೆ. ಅಧಿಕರಣಿಕನೆಂಬ ನ್ಯಾಯಾಧೀಶ, ಅವನ ಜೊತೆಗೆ ಶ್ರೇಷ್ಠಿ, ಬರೆದುಕೊಳ್ಳಲು ಕಾಯಸ್ಥ. ನ್ಯಾಯಾಧೀಶ ಕೆಟ್ಟವನಲ್ಲ. ಶಕಾರನ ಮುಖ ನೋಡಿದೊಡನೆ ಇವತ್ತು ನಿನ್ನ ವ್ಯವಹಾರ ಕೇಳುವುದಿಲ್ಲ ಎಂದು ಹೇಳಿ ಕಳಿಸುವಷ್ಟು ಬುದ್ಧಿ ಅವನಿಗಿದೆ. ಭಾವನಿಗೆ ಹೇಳಿ ನಿನ್ನನ್ನು ತೆಗೆಸಿ ಬೇರೆಯವನನ್ನು ಕೂರಿಸುತ್ತೇನೆ ಎಂದು ಶಕಾರ ಗದರಿಸಿದಾಗ, ಸರಿ ಬಾ ಎನ್ನುವಷ್ಟು ಸಂಸಾರಭಯವೂ ಇದೆ. ಇಂಥವರನ್ನು ನಾವೆಲ್ಲ ನೋಡಿದ್ದೇವೆ, ಕನ್ನಡಿಯಲ್ಲಿಯೂ ನೋಡಿದ್ದೇವೆ.

ಶಕಾರ ಬಾಯಿಬಿಟ್ಟೊಡನೆ ಸಿಕ್ಕಿಬೀಳುತ್ತಾನೆ. ಯಾರೋ ವಸಂತಸೇನೆಯನ್ನು ಕೊಂದಿದ್ದಾರೆ ಎನ್ನುತ್ತ, ಯಾರೂ ಕೇಳದಿದ್ದರೂ, ತಾನಂತೂ ಅಲ್ಲ ಎಂದು ಸೇರಿಸಿಬಿಟ್ಟು ಬಾಯಿ ಮುಚ್ಚಿಕೊಳ್ಳುತ್ತಾನೆ. ಕಾಯಸ್ಥ ಅದನ್ನು ಬರೆದುಕೊಳ್ಳುತ್ತಾನೆ. ಆ ಅಂಕದಲ್ಲಿ ಸತ್ಯಕ್ಕೆ ಹತ್ತಿರವಾದ ದಾಖಲೆ ಎಂದರೆ ಅದೊಂದೇ. ಶಕಾರ ಅದನ್ನು ಕಾಲಿನಿಂದ ಒರೆಸಿಹಾಕುತ್ತಾನೆ. ತುಂಬಿದ ನ್ಯಾಯಾಲಯದಲ್ಲಿ, ನ್ಯಾಯಾಧೀಶನ ಕಣ್ಣೆದುರಿಗೇ! ನನ್ನ ಮಕ್ಕಳು ಇಲ್ಲಿ ಹೋ ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಅಲ್ಲಿಂದ ಮುಂದೆ ನಗುವಂತಿಲ್ಲ. ಒಡವೆಗಾಗಿ ಕೊಂದರೆಂದು ನಿನಗೆ ಹೇಗೆ ಗೊತ್ತು ಎಂದು ಕೇಳಿದರೆ, ಅವಳ ಕತ್ತು ಬರಿದಾಗಿತ್ತು, ಒಡವೆ ಇರಬೇಕಾದ ಕಡೆ ಒಡವೆ ಇರಲಿಲ್ಲ ಎಂದು ಶಕಾರ ಹೇಳುತ್ತಾನೆ. ಅಷ್ಟರಲ್ಲಿ ವೀರಕನೆಂಬ ಕಾವಲುಗಾರ ಬೇರೆಯದೇ ದೂರು ಹಿಡಿದುಕೊಂಡು ಬರುತ್ತಾನೆ. ಚಾರುದತ್ತನ ಬಂಡಿಯನ್ನು ತಪಾಸಣೆ ಮಾಡಲು ಹೋದಾಗ ಜೊತೆಗಾರ ಚಂದನಕ ತನ್ನನ್ನು ಒದ್ದ ಎಂಬುದು ಅವನ ದೂರು. ಬಂಡಿಯಲ್ಲಿ ಯಾರಿದ್ದರು? ವಸಂತಸೇನೆ, ತೋಟಕ್ಕೆ ಹೋಗುತ್ತಿದ್ದಳು, ಬಂಡಿ ಹೊಡೆಯುವವನು ಹಾಗೆಂದ. ಪಾಪ, ವೀರಕ ಒಂದಕ್ಷರ ಸುಳ್ಳು ಹೇಳಲಿಲ್ಲ. ಆದರೆ ಅವನು ಬಂಡಿಯೊಳಗೆ ಇಣುಕಿಯೇ ಇಲ್ಲ. ಇಣುಕಲು ಬಿಡಲಿಲ್ಲ ಎಂಬುದೇ ಅವನ ದೂರು! ಒಳಗಿದ್ದವನು ಸೆರೆಮನೆಯಿಂದ ತಪ್ಪಿಸಿಕೊಂಡ ಆರ್ಯಕ.

ನ್ಯಾಯಾಧೀಶ ಅದೇ ವೀರಕನನ್ನು ಕುದುರೆಯ ಮೇಲೆ ತೋಟಕ್ಕೆ ಕಳಿಸುತ್ತಾನೆ. ಹೆಂಗಸಿನ ಹೆಣ ಇದೆಯೇ ನೋಡಿ ಬಾ. ಅವನು ಹೋಗಿ ನೋಡಿ ಬರುತ್ತಾನೆ: ಇದೆ, ಕಾಡುಪ್ರಾಣಿಗಳು ಎಳೆದಾಡಿವೆ, ಉಳಿದ ಕೂದಲು ಕೈಕಾಲುಗಳಿಂದ ಹೆಂಗಸೆಂದು ಗೊತ್ತಾಯಿತು. ಇದೂ ನಿಜವೇ. ಹಿಂದಿನ ಅಂಕದಲ್ಲಿ ಮರ ಬಿದ್ದು ಒಬ್ಬ ಹೆಂಗಸು ಸತ್ತ ವಿಚಾರವನ್ನು ಶೂದ್ರಕ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗಿರುತ್ತಾನೆ. ಆ ಅನಾಮಿಕಳ ಹೆಣ ಈಗ ವಸಂತಸೇನೆಯ ಹೆಣವಾಗುತ್ತದೆ. ಯಾರೂ ತಂದು ಹಾಕಲಿಲ್ಲ, ಯಾರೂ ಸುಳ್ಳು ಹೇಳಲಿಲ್ಲ. ಹೆಣ ಸಿಕ್ಕಿತು, ಹೆಂಗಸಿನದು, ಹೇಳಿದ ಜಾಗದಲ್ಲೇ. ಸಾಕಲ್ಲ!

ಕೊನೆಗೆ ಒಡವೆ. ಚಾರುದತ್ತನ ಗೆಳೆಯ ಮೈತ್ರೇಯ ಓಡಿಬಂದು ಶಕಾರನೊಡನೆ ಜಗಳಕ್ಕೆ ಬೀಳುತ್ತಾನೆ. ಹೊಡೆದಾಟದಲ್ಲಿ ಅವನ ಕಂಕುಳಿನಿಂದ ಒಡವೆಯ ಗಂಟು ಜಾರಿ ನೆಲಕ್ಕೆ ಬೀಳುತ್ತದೆ. ವಸಂತಸೇನೆಯ ಒಡವೆ, ಚಾರುದತ್ತನ ಗೆಳೆಯನ ಕಂಕುಳಲ್ಲಿ! ಇದಕ್ಕಿಂತ ದೊಡ್ಡ ಮುದ್ದೆಮಾಲು ಬೇಕೇ? ಆ ಒಡವೆ ಅಲ್ಲಿಗೆ ಬಂದ ಬಗೆ ಬೇರೆ. ಪಕ್ಕದ ಮನೆಯ ಹುಡುಗನ ಚಿನ್ನದ ಬಂಡಿಗೆ ಆಸೆಪಟ್ಟು ಅಳುತ್ತಿದ್ದ ಚಾರುದತ್ತನ ಮಗನ ಮಣ್ಣಿನ ಬಂಡಿಯಲ್ಲಿ ಅವಳೇ ತನ್ನ ಒಡವೆ ಕಳಚಿ ತುಂಬಿದ್ದಳು. ಅದನ್ನು ಹಿಂದಿರುಗಿಸಿ ಬಾ ಎಂದು ಚಾರುದತ್ತ ಗೆಳೆಯನನ್ನು ಕಳಿಸಿದ್ದ. ಬರಿದಾದ ಅವಳ ಕತ್ತು, ತುಂಬಿದ ಮೈತ್ರೇಯನ ಕಂಕುಳು, ಎರಡೂ ಆ ಒಂದು ಮಮತೆಯಿಂದ ಆದದ್ದು. ನಾಟಕಕ್ಕೆ ಹೆಸರು ಬಂದದ್ದೂ ಅದರಿಂದ. ಚಾರುದತ್ತ ಶೂಲದ ಹತ್ತಿರಕ್ಕೆ ಹೋಗುವುದೂ ಅದರಿಂದ.

ಈಗ ನ್ಯಾಯಾಧೀಶ ವಸಂತಸೇನೆಯ ತಾಯಿಯನ್ನು ಕೇಳುತ್ತಾನೆ: ನೋಡಮ್ಮ, ಇವು ನಿನ್ನ ಮಗಳವೇ? ಮಗಳು ಸತ್ತಳೆಂದು ಈಗಷ್ಟೇ ಕೇಳಿದ ಮುದುಕಿ. ಅವಳು ನೋಡುತ್ತಾಳೆ. ಅಂಥವೇ, ಆದರೆ ಅವಲ್ಲ ಎಂಬರ್ಥದ ಉತ್ತರ ಕೊಡುತ್ತಾಳೆ. ಶಕಾರ ರೇಗುತ್ತಾನೆ. ನ್ಯಾಯಾಧೀಶ ಮತ್ತೆ ಕೇಳಿದರೂ ಅವಳು ಅಲುಗುವುದಿಲ್ಲ. ಅಕ್ಕಸಾಲಿಗನ ಕೈಚಳಕದಿಂದ ಕಣ್ಣು ಅಲ್ಲೇ ನಿಲ್ಲುತ್ತದೆ, ಅಷ್ಟೆ ಎನ್ನುತ್ತಾಳೆ. ನ್ಯಾಯಾಧೀಶನೂ ಒಪ್ಪುತ್ತಾನೆ: ಒಂದನ್ನು ನೋಡಿ ಇನ್ನೊಂದನ್ನು ಹಾಗೆಯೇ ಮಾಡುವ ಕುಶಲಿಗಳಿದ್ದಾರಲ್ಲ. ಆಗ ಚಾರುದತ್ತನನ್ನು ಕೇಳುತ್ತಾರೆ. ಅವನು, ಇವು ಇವರ ಮಗಳವೇ, ನನ್ನ ಮನೆಯಿಂದಲೇ ಬಂದವು ಎಂದುಬಿಡುತ್ತಾನೆ! ಸತ್ತವಳ ತಾಯಿ ಆರೋಪಿಯನ್ನು ಉಳಿಸಲು ಅಲ್ಲ ಎನ್ನುತ್ತಾಳೆ. ಆರೋಪಿ ತನ್ನನ್ನು ಕೊಲ್ಲಲು ಹೌದು ಎನ್ನುತ್ತಾನೆ. ಇದು ನನ್ನ ಮಗಳ ವ್ಯಾಜ್ಯ, ಫಿರ್ಯಾದಿ ನಾನು, ಅವನನ್ನು ಬಿಡಿ ಎಂದು ಮುದುಕಿ ಬೇಡಿಕೊಂಡರೂ ಯಾರೂ ಕೇಳುವುದಿಲ್ಲ. ಬ್ರಾಹ್ಮಣನನ್ನು ಕೊಲ್ಲಬಾರದು, ಗಡೀಪಾರು ಸಾಕು ಎಂದು ನ್ಯಾಯಾಧೀಶ ಬರೆದು ಕಳಿಸಿದರೆ, ಅದೇ ಒಡವೆಗಳನ್ನು ಕತ್ತಿಗೆ ಕಟ್ಟಿ ಡಂಗುರ ಹೊಡೆಸಿ ಶೂಲಕ್ಕೇರಿಸಿ ಎಂದು ರಾಜ ಪಾಲಕನ ಅಪ್ಪಣೆಯಾಗುತ್ತದೆ.

ಹತ್ತನೆಯ ಅಂಕದಲ್ಲಿ ವಸಂತಸೇನೆ ಜೀವಂತವಾಗಿ ಬರುತ್ತಾಳೆ, ಎಲ್ಲ ಸರಿಹೋಗುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ಮಳೆಯೂ ಹೊಳವಾಗಿರುತ್ತಿತ್ತು. ‘ನೋಡಿದಿರಾ ಮಕ್ಕಳೇ, ವಸ್ತು ಸುಳ್ಳು ಹೇಳುವುದಿಲ್ಲ, ಆದರೆ ಅದಕ್ಕೆ ಬಾಯಿಯೂ ಇಲ್ಲ. ಅದರ ಪರವಾಗಿ ಮಾತನಾಡುವವನನ್ನು ನೋಡಿ ನಂಬಬೇಕು’ ಎಂದು ನೀತಿ ಹೇಳಿ ನಾನು ಪುಸ್ತಕ ಮಡಿಚುತ್ತಿದ್ದೆ. ಹೇಳುವುದು ಸುಲಭ.

೧೯೮೭ರ ಅಡಿಕೆ ಕೊಯ್ಲಿನ ಕಾಲ. ನಮ್ಮೂರಿನ ಒಂದು ಮನೆಯಲ್ಲಿ ಹಿರಿಯ ಹೆಂಗಸಿನ ಎರಡೆಳೆ ಗುಂಡಿನ ಸರ ಕಾಣೆಯಾಯಿತು. ಅಡಿಕೆ ಸುಲಿಯಲು ಬರುತ್ತಿದ್ದ ಹತ್ತೊಂಬತ್ತು ವರ್ಷದ ಒಬ್ಬ ಹುಡುಗನ ಮೇಲೆ ಅನುಮಾನ. ಒಂದು ಸಂಜೆ ಪೇದೆಯೊಬ್ಬ ಶಾಲೆಗೆ ಬಂದು, ‘ಸಾಹೇಬ್ರು ಕರೀತಾರೆ ಮೇಷ್ಟ್ರೇ, ಐದು ನಿಮಿಷದ ಕೆಲಸ’ ಎಂದ. ಹೋದೆ. ಮೇಜಿನ ಮೇಲೆ ಕಾಗದ ಹಾಸಿ ಅದರ ಮೇಲೆ ಸರ ಇಟ್ಟಿದ್ದರು. ಹುಡುಗ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ದಿನಸಿ ಅಂಗಡಿಯವರೊಬ್ಬರು ನನಗಿಂತ ಮೊದಲೇ ಬಂದು ಚಹಾ ಕುಡಿಯುತ್ತಿದ್ದರು. ಅಕ್ಕಸಾಲಿಗ ತೂಕ ಹೇಳಿದ, ಬರೆದುಕೊಂಡರು. ಮಹಜರು ಸಿದ್ಧವಾಯಿತು. ‘ಪಂಚರಾದ ನಮ್ಮ ಸಮಕ್ಷಮದಲ್ಲಿ ಆರೋಪಿಯು ತನ್ನ ಮನೆಯ ಕೊಟ್ಟಿಗೆಯ ಗೋಡೆಯ ಸಂದಿನಿಂದ ಸದರಿ ಸರವನ್ನು ತೆಗೆದು ಹಾಜರುಪಡಿಸಿದನು’ ಎಂದು ಅದರಲ್ಲಿತ್ತು. ನಾನು ಆ ಕೊಟ್ಟಿಗೆಯನ್ನು ಕಂಡಿರಲಿಲ್ಲ. ಅವನ ಮನೆ ಯಾವ ದಿಕ್ಕಿಗೆ ಎಂಬುದೂ ಗೊತ್ತಿರಲಿಲ್ಲ. ‘ಹುಡುಗ ಒಪ್ಕೊಂಡಿದಾನೆ ಮೇಷ್ಟ್ರೇ. ಗದ್ದೆ ಬದುವಿನ ಮೇಲೆ ಅಲ್ಲೀವರೆಗೂ ನಿಮ್ಮನ್ನ ಯಾಕೆ ನಡೆಸೋದು ಅಂತ ಕರಕೊಂಡು ಹೋಗಲಿಲ್ಲ’ ಎಂದರು. ಅದು ನನ್ನ ಮೇಲಿನ ಗೌರವ ಎಂದು ತಿಳಿದು ನಾನು ರುಜು ಹಾಕಿದೆ.

ಆ ರುಜುವಿನ ಬೆಲೆ ನನಗೆ ಆಮೇಲೆ ತಿಳಿಯಿತು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಆದರೆ ಆರೋಪಿ ಕೊಟ್ಟ ಮಾಹಿತಿಯಿಂದ ಒಂದು ವಸ್ತು ಪತ್ತೆಯಾದರೆ, ಪತ್ತೆಗೆ ಸಂಬಂಧಿಸಿದ ಅಷ್ಟು ಮಾತು ಸಾಕ್ಷ್ಯವಾಗುತ್ತದೆ ಎಂದು ೧೮೭೨ರ ಸಾಕ್ಷ್ಯ ಅಧಿನಿಯಮದ ೨೭ನೆಯ ಕಲಮು ಹೇಳುತ್ತಿತ್ತು. ಅಂದರೆ ಆ ಹುಡುಗನ ಮತ್ತು ಜೈಲಿನ ನಡುವೆ ಇದ್ದದ್ದು ಒಂದು ಗೋಡೆಯ ಸಂದು. ಅದನ್ನು ನೋಡಿದವರೆಂದರೆ ನಾನು ಮತ್ತು ದಿನಸಿ ಅಂಗಡಿಯವರು. ಇಬ್ಬರೂ ನೋಡಿರಲಿಲ್ಲ.

೧೯೮೯ರಲ್ಲಿ ಸಮನ್ಸ್ ಬಂತು. ಇಸ್ತ್ರಿ ಮಾಡಿದ ಪಂಚೆ ಉಟ್ಟು ತಾಲ್ಲೂಕಿನ ನ್ಯಾಯಾಲಯಕ್ಕೆ ಹೋದೆ. ದೇವರ ಮೇಲೆ ಪ್ರಮಾಣ ಮಾಡಿಸಿದರು. ಅರಗು ಮುದ್ರೆಯ ಬಟ್ಟೆಯ ಪೊಟ್ಟಣವನ್ನು ಬಿಚ್ಚಿ, ಚೀಟಿಯ ಮೇಲಿರುವುದು ನಿಮ್ಮ ರುಜುವೇ ಎಂದು ಸರ್ಕಾರಿ ವಕೀಲರು ಕೇಳಿದರು. ಹೌದು, ನನ್ನದೇ. ‘ನಿಮ್ಮೆದುರಿಗೆ ಆರೋಪಿ ತೆಗೆದುಕೊಟ್ಟ ಸರ ಇದೇ ಏನು?’

‘ಹೌದು. ಅದೇ’ ಎಂದೆ.

ಆರೋಪಿಯ ಕಡೆಯ ವಕೀಲರು ಚಿಕ್ಕ ವಯಸ್ಸಿನವರು. ಪಾಟೀಸವಾಲಿಗೆ ಎದ್ದು ನಿಂತು, ಇಂಥ ಸರ ಈ ಸೀಮೆಯಲ್ಲಿ ಎಷ್ಟೋ ಮನೆಗಳಲ್ಲಿ ಇರುತ್ತದಲ್ಲವೇ ಎಂದರು. ಇರಬಹುದು ಎಂದೆ. ‘ನಿಮ್ಮ ಮನೆಯಲ್ಲಿ?’ ಇದೆ ಎಂದೆ. ‘ಹಾಗಾದರೆ ಇದು ಅದೇ ಅಂತ ಹೇಗೆ ಹೇಳ್ತೀರಿ? ಅಂಥದೇ ಇನ್ನೊಂದು ಆಗಿರಬಾರದೇಕೆ?’ ನನಗೆ ಸಿಟ್ಟು ಬಂತು. ‘ನಾನು ಮೇಷ್ಟ್ರು ಸ್ವಾಮಿ. ನನಗೆ ಸುಳ್ಳು ಹೇಳೋ ಅಗತ್ಯ ಏನಿದೆ?’ ಎಂದೆ. ಅವರು ಕೂತುಕೊಂಡರು. ಹುಡುಗ ಕಟಕಟೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ.

ಒಡವೆಗಳನ್ನು ಗುರುತಿಸುವಾಗ ಅಂಥವೇ ಇನ್ನಷ್ಟು ಒಡವೆಗಳ ಜೊತೆ ಬೆರೆಸಿಟ್ಟು, ನಿಮ್ಮದನ್ನು ಆರಿಸಿ ಎಂದು ಕೇಳುವ ಒಂದು ಪದ್ಧತಿಯಿದೆಯಂತೆ. ನಮ್ಮ ಮೊಕದ್ದಮೆಯಲ್ಲಿ ಅಂಥದೇನೂ ನಡೆದಿರಲಿಲ್ಲ. ಸರದ ಒಡತಿಗೂ ಆ ಒಂದೇ ಸರ ತೋರಿಸಿ, ನಿಮ್ಮದೇ ಏನಮ್ಮ ಎಂದು ಕೇಳಿದರು, ಆಕೆ ಹೌದೆಂದರು. ಆಕೆಯ ಸರ ಹೋಗಿತ್ತು, ಸರ ಸಿಕ್ಕಿತ್ತು. ಹುಡುಗನಿಗೆ ಆರು ತಿಂಗಳು ಶಿಕ್ಷೆಯಾಯಿತು. ಪಂಚ ಸಾಕ್ಷಿ ಗೌರವಸ್ಥ ಶಿಕ್ಷಕ, ಆರೋಪಿಯ ಮೇಲೆ ಅವರಿಗೆ ಯಾವ ದ್ವೇಷವೂ ಇಲ್ಲ ಎಂದು ತೀರ್ಪಿನಲ್ಲಿ ಬರೆದಿದ್ದಾರೆಂದು ಯಾರೋ ಹೇಳಿದರು. ಅದನ್ನು ಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡೆ. ಒಲೆಯ ಮುಂದಿದ್ದ ನನ್ನ ಹೆಂಡತಿ ತನ್ನ ಕೊರಳಿನ ಸರವನ್ನು ಬೆರಳಿನಿಂದ ಎತ್ತಿ, ‘ಇದನ್ನ ಮಾಡಿದ ಅಕ್ಕಸಾಲಿಗನೇ ಅದನ್ನೂ ಮಾಡಿದ್ದು. ಎರಡನ್ನೂ ಒಟ್ಟಿಗೆ ಇಟ್ಟಿದ್ರೆ ನಿಮಗೆ ನನ್ನದು ಗೊತ್ತಾಗ್ತಿತ್ತೇನು?’ ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಸಾರಿಗೆ ಒಗ್ಗರಣೆ ಹಾಕಿದಳು.

ಮರುವರ್ಷದ ಆಷಾಢದಲ್ಲಿ ಎಂದಿನಂತೆ ಕಥೆ ಹೇಳಿದೆ. ತಾಯಿಯ ಉತ್ತರದ ಹತ್ತಿರ ಬಂದಾಗ ಮುಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, ‘ಸಾರ್, ಒಡವೆ ಅವಳ ಮಗಳದ್ದೇ ಅಲ್ವಾ? ಗೊತ್ತಿದ್ದೂ ಅಲ್ಲ ಅಂದಳಲ್ಲ, ಅದು ಸುಳ್ಳಲ್ವಾ?’ ಎಂದಳು. ಅಷ್ಟು ವರ್ಷದಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಸುಳ್ಳೇ ಇರಬೇಕು ಎಂದೆ. ‘ಹಾಗಾದ್ರೆ ಅವಳದ್ದು ತಪ್ಪಲ್ವಾ?’ ಮಳೆ ಜೋರಾಗಿತ್ತು; ಕೇಳಿಸಲಿಲ್ಲವೆಂಬಂತೆ ಮುಂದಕ್ಕೆ ಹೋದೆ.

ಆ ರಾತ್ರಿ ಮಲಗಿದ್ದಾಗ ಲೆಕ್ಕ ಹಾಕಿದೆ. ಮುದುಕಿಗೆ ಒಡವೆ ಗೊತ್ತಿತ್ತು. ಚಾರುದತ್ತ ಎಂಥವನೆಂಬುದೂ ಗೊತ್ತಿತ್ತು. ಇಟ್ಟ ಒಡವೆ ಕಳುವಾದಾಗ ಅದಕ್ಕೆ ಬದಲಾಗಿ ಹೆಂಡತಿಯ ರತ್ನಮಾಲೆಯನ್ನೇ ಕಳಿಸಿಕೊಟ್ಟವನು ಒಡವೆಗಾಗಿ ಕೊಲ್ಲುತ್ತಾನೆಯೇ ಎಂದು ಅವಳು ನ್ಯಾಯಾಲಯದಲ್ಲಿ ಕೇಳಿಯೇ ಕೇಳುತ್ತಾಳೆ. ‘ಅದೇ’ ಎಂದುಬಿಟ್ಟರೆ ಆ ಒಂದು ಮಾತಿನ ಮೇಲೆ ಒಬ್ಬ ಮನುಷ್ಯನ ಕತ್ತು ಹೋಗುತ್ತದೆಂದು ತಿಳಿದು ಅವಳು ‘ಅಂಥದೇ’ ಎಂದಳು. ನನಗೋ, ಸರವೂ ಗೊತ್ತಿರಲಿಲ್ಲ, ಹುಡುಗನೂ ಗೊತ್ತಿರಲಿಲ್ಲ, ಗೋಡೆಯ ಸಂದೂ ಗೊತ್ತಿರಲಿಲ್ಲ. ಮೂರೂ ಗೊತ್ತಿಲ್ಲದ ನಾನು ‘ಅದೇ’ ಎಂದೆ. ವೀರಕನಾದರೂ ಬಂಡಿಯವನು ಹೇಳಿದ್ದೆಂದು ಹೇಳಿ ಕೈತೊಳೆದುಕೊಂಡ. ನಾನು ಇಣುಕದೆಯೇ ನೋಡಿದೆನೆಂದೆ. ಕಾಯಸ್ಥನ ಬರಹವನ್ನು ಶಕಾರ ಕಾಲಿನಿಂದ ಒರೆಸಿದ್ದಕ್ಕೆ ಹದಿನೇಳು ವರ್ಷ ನಗುತ್ತಿದ್ದ ನಾನು, ನೋಡದ್ದನ್ನು ನೋಡಿದೆನೆಂದು ಬರೆಸಿ ಅದರ ಕೆಳಗೆ ಚೆಂದದ ಅಕ್ಷರದಲ್ಲಿ ರುಜು ಹಾಕಿದ್ದೆ.

ಆಮೇಲೆ ನಿವೃತ್ತನಾಗುವವರೆಗೂ ಕಥೆ ಹೇಳಿದೆ; ಕೊನೆಯ ನೀತಿಯನ್ನು ಮಾತ್ರ ಬಿಟ್ಟುಬಿಟ್ಟೆ.

ಈಗ ಕಾನೂನು ಬದಲಾಗಿದೆ. ೨೦೨೪ರ ಜುಲೈ ೧ರಿಂದ ಹಳೆಯ ಸಾಕ್ಷ್ಯ ಅಧಿನಿಯಮದ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆ, ಶೋಧನೆ ಮತ್ತು ಜಪ್ತಿಯನ್ನು ವಿಡಿಯೊದಲ್ಲಿ ಚಿತ್ರಿಸಬೇಕೆಂದು ಹೇಳುತ್ತದೆ. ಓದಿ ಸಂತೋಷವಾಯಿತು. ಅಂಥ ಯಂತ್ರ ಅಂದು ಇದ್ದಿದ್ದರೆ ಅದರಲ್ಲಿ ಮೂಡುತ್ತಿದ್ದುದು ಒಂದು ಮೇಜು, ಎರಡು ಲೋಟ ಚಹಾ, ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತ ಒಬ್ಬ ಹುಡುಗ.

ಆ ಹುಡುಗನನ್ನು ನಾನು ಮತ್ತೆ ನೋಡಿದ್ದು ೨೦೦೫ರಲ್ಲಿ, ಅಡಿಕೆ ಮಂಡಿಯಲ್ಲಿ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅವನೇ ಗುರುತು ಹಿಡಿದು, ‘ನಮಸ್ಕಾರ ಮೇಷ್ಟ್ರೇ’ ಎಂದ. ಅಡಿಕೆ ಚೀಲಗಳ ಮೇಲೆ ಇಬ್ಬರೂ ಕೂತೆವು. ತೂಕಕ್ಕೆ ಸರದಿ ಬರುವುದು ತಡವಿತ್ತು. ಹದಿನೆಂಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನು ಹೇಳಿದೆ: ನಾನು ನಿನ್ನ ಕೊಟ್ಟಿಗೆಗೆ ಬಂದಿರಲಿಲ್ಲ, ನೀನು ತೆಗೆದುಕೊಟ್ಟದ್ದನ್ನು ನೋಡಿರಲಿಲ್ಲ, ಸುಳ್ಳು ಹೇಳಿದೆ. ಸರ ನೀನು ತೆಗೆದಿದ್ದೆಯೋ ಇಲ್ಲವೋ ಎಂದು ಕೇಳಲಿಲ್ಲ. ಅದನ್ನು ಕೇಳುವ ಅಧಿಕಾರ ನನಗಿರಲಿಲ್ಲ.

ಅವನು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಗೋಣಿಯ ದಾರವನ್ನು ಬೆರಳಿಗೆ ಸುತ್ತುತ್ತ ಕೂತಿದ್ದ. ಆಮೇಲೆ, ‘ಪೊಲೀಸ್ನೋರು ಹೇಳಿದಾಗ ನಮ್ಮಪ್ಪ ನಂಬಿರಲಿಲ್ಲ ಸಾರ್. ನೀವು ಹೇಳಿದ ಮೇಲೆ ನಂಬಿಬಿಟ್ಟ’ ಎಂದ.

ಅಪ್ಪ ಈಗ ಹೇಗಿದ್ದಾರೆ ಎಂದು ಕೇಳಿದೆ.

‘ಹೋಗಿ ಎಂಟು ವರ್ಷ ಆಯ್ತು ಸಾರ್’ ಎಂದ. ಅಷ್ಟರಲ್ಲಿ ಅವನ ಚೀಲ ತೂಕಕ್ಕೆ ಬಂತೆಂದು ಕೂಗಿದರು. ಎದ್ದು ಹೋದ.